ಕ್ಯೂಬಿಟ್ಟನ್ನು ಅಟ್ಟಕ್ಕೆ ಹತ್ತಿಸುವ ಏಣಿ

ಹೋದ ತಿಂಗಳ ಪ್ರಶ್ನೋತ್ತರದಲ್ಲಿ ಕ್ವಾಂಟಮ್ ಕಂಪ್ಯೂಟರ್ ಬಗ್ಗೆ ಬರೆಯುತ್ತಾ ಕೊನೆಗೆ ಒಂದು ಸಾಲು ಹಾಕಿದ್ದೆ: “ಕ್ಯೂಬಿಟ್‌ನಲ್ಲಿರುವ ಮಾಹಿತಿಯನ್ನು ಪರಮಾಣುವಿನ ನ್ಯೂಕ್ಲಿಯಸ್ಸಿನಲ್ಲಿ ಜೋಪಾನವಾಗಿ ಇಡಲು ಈಗ ಕಲಿಯುತ್ತಿದ್ದಾರೆ.” (ಕ್ಯೂಬಿಟ್ ಅಂದರೆ ಕ್ವಾಂಟಮ್ ಕಂಪ್ಯೂಟರಿನ ಬಿಟ್.) ಆ ಒಂದು ಸಾಲಿಗೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಎಲ್ಲವೂ ಉಡುಪಿ, ಮಂಗಳೂರು ಕಡೆಯವೇ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಅದಕ್ಕೇ. ನನಗೆ ತುಂಬಾ ಇಷ್ಟವಾದ ವಿಷಯ ಇದು, ಕೆಲವು ಕಡೆ ಉತ್ತರ ಉದ್ದ ಆಗಿದೆ, ನಿಧಾನಕ್ಕೆ ಓದಿ.

ಪ್ರಶ್ನೆ: ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ. ನಿಮ್ಮ ಅಂಕಣ ಓದಿ ಹೇಳಿದಾಗ ಒಬ್ಬ ಹುಡುಗ ಕೇಳಿದ: “ಮೇಡಂ, ಪೆನ್‌ಡ್ರೈವಿಗೆ ಕಾಪಿ ಮಾಡಿ ಇಟ್ಟರೆ ಆಯ್ತಲ್ಲ, ನ್ಯೂಕ್ಲಿಯಸ್ ಎಂತಕ್ಕೆ?” ಥಟ್ ಅಂತ ಉತ್ತರ ಹೊಳೆಯಲಿಲ್ಲ.
— ಉಪನ್ಯಾಸಕಿ, ಕಾರ್ಕಳ

ಉತ್ತರ: ಮೇಡಂ, ನಿಮ್ಮ ಹುಡುಗ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾನೆ. ಕಾಪಿ ಮಾಡಲು ಆಗುವುದಿಲ್ಲ, ಕಷ್ಟವೆಲ್ಲ ಶುರುವಾಗುವುದೇ ಅಲ್ಲಿಂದ.

ಮೊದಲು ನಿಮ್ಮ ಲ್ಯಾಬಿನ ಮಾಮೂಲಿ ಕಂಪ್ಯೂಟರಿನ ರ್‍ಯಾಮ್ ನೋಡಿ. ಅಲ್ಲಿ ಒಂದು ಬಿಟ್ ಅಂದರೆ ಪುಟ್ಟ ಕೆಪಾಸಿಟರಿನಲ್ಲಿ ನಿಂತಿರುವ ಒಂಚೂರು ಚಾರ್ಜ್. ತೂತು ಬಿದ್ದ ಕೊಡದ ನೀರಿನ ಹಾಗೆ ಅದು ಸೋರುತ್ತಲೇ ಇರುತ್ತದೆ. ಅದಕ್ಕೆ ಚಿಪ್ ಸುಮಾರು 64 ಮಿಲಿಸೆಕೆಂಡಿಗೆ ಒಮ್ಮೆ ಪ್ರತಿ ಸಾಲನ್ನೂ ಓದಿ, ಇದ್ದದ್ದನ್ನೇ ಮತ್ತೆ ತುಂಬುತ್ತದೆ. ಓದು, ಬರೆ, ಓದು, ಬರೆ. ನಮ್ಮ ಫೋನು, ಲ್ಯಾಪ್‌ಟಾಪು ಎಲ್ಲ ನಡೆಯುತ್ತಿರುವುದು ಹೀಗೇ.

ಕ್ಯೂಬಿಟ್ಟಿಗೆ ಈ ಉಪಾಯ ನಡೆಯುವುದಿಲ್ಲ. ಅದರಲ್ಲಿ 0 ಮತ್ತು 1 ಒಂದು ಹದದಲ್ಲಿ ಬೆರೆತಿರುತ್ತವೆ. ಎಷ್ಟು ಪಾಲು 0, ಎಷ್ಟು ಪಾಲು 1, ಮತ್ತು ಅವೆರಡರ ನಡುವಿನ ತಾಳ ಹೇಗಿದೆ ಅನ್ನುವುದೇ ಮಾಹಿತಿ. ಓದಲು ಹೋದಿರೋ, 0 ಅಥವಾ 1 ಎರಡರಲ್ಲಿ ಒಂದು ಸಿಗುತ್ತದೆ, ಹದ ಅಲ್ಲಿಗೇ ಮುಗಿಯಿತು. ಹಾಗಾದರೆ ಓದದೆ ಸುಮ್ನೆ ಇನ್ನೊಂದು ಪ್ರತಿ ಮಾಡಬಹುದಾ? ಅದೂ ಆಗದು. 1982ರಲ್ಲಿ ವೂಟರ್ಸ್ ಮತ್ತು ಜುರೆಕ್ ಒಂದು ಕಡೆ, ಡೀಕ್ಸ್ ಇನ್ನೊಂದು ಕಡೆ, ಇದನ್ನು ಲೆಕ್ಕ ಹಾಕಿ ತೋರಿಸಿದರು: ಏನಿದೆ ಅಂತ ಗೊತ್ತಿಲ್ಲದ ಒಂದು ಕ್ವಾಂಟಮ್ ಸ್ಥಿತಿಯನ್ನು ಹಾಗೇ ಎರಡು ಮಾಡುವ ಯಂತ್ರ ಇರಲು ಸಾಧ್ಯವೇ ಇಲ್ಲ. ಎರಡು ಪುಟದ ಲೆಕ್ಕ ಅದು, ಮ್ಯಾಟ್ರಿಕ್ಸ್ ಗೊತ್ತಿರುವ ನಿಮ್ಮ ಮಕ್ಕಳಿಗೇ ಅರ್ಥವಾಗುತ್ತದೆ.

ಹಾಗಾಗಿ ಇಲ್ಲಿ ‘ಇಡುವುದು’ ಅಂದರೆ ಜಾಗ ಬದಲಿಸುವುದು. ಈ ಚೆಂಬಿನ ನೀರನ್ನು ಆ ಚೆಂಬಿಗೆ ಹೊಯ್ದ ಹಾಗೆ. ಎರಡನೆಯದು ತುಂಬಿದಾಗ ಮೊದಲನೆಯದು ಖಾಲಿ. ಜೆರಾಕ್ಸ್ ಅಂಗಡಿಯ ಲೆಕ್ಕ ಇಲ್ಲಿ ಬರುವುದಿಲ್ಲ.

ಬದಲಿಸಲೇಬೇಕಾ ಅಂದರೆ, ಹೌದು. ಗೂಗಲ್, ಐಬಿಎಮ್ ಕಂಪ್ಯೂಟರುಗಳಲ್ಲಿರುವ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳು ಲೆಕ್ಕ ಮಾಡುವುದರಲ್ಲಿ ಬಹಳ ಚುರುಕು, ಆದರೆ ನೂರಾರು ಮೈಕ್ರೊಸೆಕೆಂಡಿನಲ್ಲಿ, ತುಂಬಾ ಚೆನ್ನಾಗಿ ಮಾಡಿದ್ದಾದರೆ ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ, ಹದ ಕಳೆದುಕೊಳ್ಳುತ್ತವೆ. ಬೇಗ ಕಲಿತು ಬೇಗ ಮರೆಯುವ ಜಾತಿ. ನಿಧಾನಕ್ಕೆ ಮರೆಯುವವರು ಬೇರೆ ಯಾರಾದರೂ ಇದ್ದಾರಾ ಅಂತ ಹುಡುಕಿದಾಗ ಸಿಕ್ಕಿದ್ದು ನ್ಯೂಕ್ಲಿಯಸ್.

ಪ್ರಶ್ನೆ: ನ್ಯೂಕ್ಲಿಯಸ್ಸೇ ಯಾಕೆ? ಅದರಲ್ಲಿ ಅಂಥ ವಿಶೇಷ ಎಂತ ಉಂಟು? ಎಷ್ಟು ಹೊತ್ತು ನೆನಪು ಇಟ್ಟುಕೊಳ್ಳುತ್ತದೆ, ಸ್ವಲ್ಪ ಅಂಕಿ ಸಮೇತ ಹೇಳಿ.
— ಇಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ನಮ್ಮ ಕಡೆಯ ಹಳೇ ಮನೆಯ ಮಳೆಗಾಲ ನೆನಪು ಮಾಡಿಕೊಳ್ಳಿ. ಬೇಸಿಗೆಯಲ್ಲಿ ಬೆಳೆದ ಸೌತೆಕಾಯಿಯನ್ನು ನನ್ನ ಅಜ್ಜಿ ಒಂದೊಂದಾಗಿ ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಪಕ್ಕಾಸಿಗೆ ತೂಗುಹಾಕುತ್ತಿದ್ದರು. ಒಂದು ಇನ್ನೊಂದಕ್ಕೆ ತಾಗಬಾರದು, ಗೋಡೆಗೂ ತಾಗಬಾರದು. ತಾಗಿದ ಜಾಗದಲ್ಲೇ ಮೊದಲು ಕೊಳೆಯುವುದು. ಹಾಗೆ ಬಿಡಿಬಿಡಿಯಾಗಿ ನೇತಾಡುತ್ತಿದ್ದ ಸೌತೆ ಆಟಿ ತಿಂಗಳ ಸಾಂಬಾರಿಗೂ ಗಟ್ಟಿಯಾಗಿಯೇ ಸಿಗುತ್ತಿತ್ತು. ಕಾಯಿ ಅದೇ, ನೆಲದ ಮೇಲೆ ರಾಶಿ ಹಾಕಿದ್ದರೆ ಎರಡು ವಾರ ಬರುತ್ತಿರಲಿಲ್ಲ.

ನ್ಯೂಕ್ಲಿಯಸ್ ಹಾಗೆ ಯಾರಿಗೂ ತಾಗದೆ ತೂಗಾಡುವ ಕಾಯಿ. ಸ್ಪಿನ್ ಇರುವ ಕಣ ಅಂದರೆ ಒಂದು ಪುಟ್ಟ ಅಯಸ್ಕಾಂತ ಅಂತ ಇಟ್ಟುಕೊಳ್ಳಿ. ಎಲೆಕ್ಟ್ರಾನ್ ಕೂಡ ಅಯಸ್ಕಾಂತವೇ, ನ್ಯೂಕ್ಲಿಯಸ್ ಕೂಡ. ಆದರೆ ಶಕ್ತಿಯಲ್ಲಿ ಅಜಗಜಾಂತರ. 1 ಟೆಸ್ಲಾ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್ ಸ್ಪಿನ್ ಸುಮಾರು 28 ಗಿಗಾಹರ್ಟ್ಸ್‌ನಲ್ಲಿ ಸುತ್ತುತ್ತದೆ. ಅದೇ ಕ್ಷೇತ್ರದಲ್ಲಿ ಫಾಸ್ಫರಸ್-31 ನ್ಯೂಕ್ಲಿಯಸ್ 17 ಮೆಗಾಹರ್ಟ್ಸ್, ಕಾರ್ಬನ್-13 ನ್ಯೂಕ್ಲಿಯಸ್ 10.7 ಮೆಗಾಹರ್ಟ್ಸ್. ಅಂದರೆ ಫಾಸ್ಫರಸ್ಸಿಗೆ ಹೊರಗಿನ ಕಾಂತಕ್ಷೇತ್ರ ತಟ್ಟುವುದು ಎಲೆಕ್ಟ್ರಾನಿಗಿಂತ 1,600 ಪಟ್ಟು ಕಡಿಮೆ. ಸುತ್ತ ಎಷ್ಟೇ ಗದ್ದಲ ಇದ್ದರೂ ಅದರ ಕಿವಿಗೆ ಬೀಳುವುದು ಬರೀ ಪಿಸುಮಾತು. ಇನ್ನೂ ಒಂದು ಅನುಕೂಲ ಇದೆ. ಫಾಸ್ಫರಸ್-31, ಕಾರ್ಬನ್-13 ಎರಡರ ಸ್ಪಿನ್ನೂ ಅರ್ಧ. ಹಾಗಿರುವ ನ್ಯೂಕ್ಲಿಯಸ್ಸಿನ ಸ್ಪಿನ್ನನ್ನು ವಿದ್ಯುತ್ ಕ್ಷೇತ್ರ ನೇರವಾಗಿ ಅಲ್ಲಾಡಿಸಲಾರದು.

ಮರೆಯುವುದರಲ್ಲೂ ಎರಡು ಬಗೆ ಇದೆ. ಒಂದು, ಸ್ಪಿನ್ ಮಗುಚಿಕೊಳ್ಳುವುದು, 1 ಇದ್ದದ್ದು 0 ಆಗುವುದು. ಇನ್ನೊಂದು ಸೂಕ್ಷ್ಮ: 0 ಮತ್ತು 1ರ ನಡುವಿನ ತಾಳ ತಪ್ಪುವುದು. ಯಕ್ಷಗಾನದ ಆಟದಲ್ಲಿ ಚೆಂಡೆಯವರನ್ನು ಒಂದು ಕೋಣೆಯಲ್ಲೂ ಮದ್ದಳೆಯವರನ್ನು ಇನ್ನೊಂದು ಕೋಣೆಯಲ್ಲೂ ಕೂರಿಸಿ, ಒಟ್ಟಿಗೆ ಶುರು ಮಾಡಿಸಿ ಬಾಗಿಲು ಹಾಕಿದರೆ ಹೇಗೋ ಹಾಗೆ. ಇಬ್ಬರೂ ಬಾರಿಸುತ್ತಲೇ ಇದ್ದಾರೆ, ಒಬ್ಬರೂ ನಿಲ್ಲಿಸಿಲ್ಲ, ಆದರೆ ಸ್ವಲ್ಪ ಹೊತ್ತಿಗೆ ಒಬ್ಬರದ್ದು ಒಬ್ಬರಿಗೆ ಕೂಡುವುದಿಲ್ಲ. ನಿಜವಾದ ತೊಂದರೆ ಕೊಡುವುದು ಈ ಎರಡನೆಯ ಮರೆವೇ. ಲೆಕ್ಕ ಹಾಕಿ ನೋಡಿ: 1 ಟೆಸ್ಲಾದಲ್ಲಿ ಕಾರ್ಬನ್-13 ಸೆಕೆಂಡಿಗೆ ಒಂದು ಕೋಟಿ ಏಳು ಲಕ್ಷ ಸುತ್ತು ಸುತ್ತುತ್ತದೆ. ಒಂದು ಸೆಕೆಂಡು ನೆನಪಿಟ್ಟಿತು ಅಂದರೆ ಅಷ್ಟೂ ಸುತ್ತಿನಲ್ಲಿ ಅರ್ಧ ಸುತ್ತಿನಷ್ಟೂ ಲೆಕ್ಕ ತಪ್ಪಿಲ್ಲ ಅಂತ ಅರ್ಥ. ನನಗಂತೂ ಇದನ್ನು ಪ್ರತಿ ಸಲ ಯೋಚಿಸುವಾಗಲೂ ಮೈ ಜುಮ್ ಅನ್ನುತ್ತದೆ.

ಇನ್ನು ಅಂಕಿಗಳು. 1998ರಲ್ಲಿ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿದ್ದ ಬ್ರೂಸ್ ಕೇನ್, ಸಿಲಿಕಾನ್ ಒಳಗೆ ಫಾಸ್ಫರಸ್ ಪರಮಾಣು ಕೂರಿಸಿ ಅದರ ನ್ಯೂಕ್ಲಿಯಸ್ಸನ್ನೇ ಕ್ಯೂಬಿಟ್ ಮಾಡಬಹುದು ಅಂತ ಒಂದು ಯೋಜನೆ ಬರೆದರು. 2008ರಲ್ಲಿ ಜಾನ್ ಮಾರ್ಟನ್ ಮತ್ತು ಜೊತೆಗಾರರು ಎಲೆಕ್ಟ್ರಾನಿನ ಸ್ಥಿತಿಯನ್ನು ಫಾಸ್ಫರಸ್ ನ್ಯೂಕ್ಲಿಯಸ್ಸಿಗೆ ಸಾಗಿಸಿ, ಅಲ್ಲಿಟ್ಟು, ವಾಪಸ್ ತಂದರು. ಸುಮಾರು 5.5 ಕೆಲ್ವಿನ್ ಚಳಿಯಲ್ಲಿ 1.75 ಸೆಕೆಂಡು ಉಳಿಯಿತು. 2012ರಲ್ಲಿ ಹಾರ್ವರ್ಡ್‌ನವರು ವಜ್ರದೊಳಗಿನ ಒಂದೇ ಒಂದು ಕಾರ್ಬನ್-13 ನ್ಯೂಕ್ಲಿಯಸ್ಸಿನಲ್ಲಿ, ಮಾಮೂಲಿ ಕೋಣೆಯ ಶಾಖದಲ್ಲೇ, ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಇಟ್ಟು ತೋರಿಸಿದರು.

2013ರ ಪ್ರಯೋಗ ನನಗೆ ಎಲ್ಲಕ್ಕಿಂತ ಇಷ್ಟ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಮೈಕ್ ಥೆವಾಲ್ಟ್ ತಂಡ ಮಾಡಿದ್ದು. ನ್ಯೂಕ್ಲಿಯಸ್ ಅಟ್ಟ ಅಂತಾದರೆ ಎಲೆಕ್ಟ್ರಾನ್ ಅಲ್ಲಿಗೆ ಹತ್ತುವ ಏಣಿ. ಏಣಿ ಒರಗಿಸಿಯೇ ಬಿಟ್ಟರೆ ಇಲಿಯೂ ಹತ್ತುತ್ತದೆ ಅಲ್ವಾ? ಅವರು ಲೇಸರ್ ಬಿಟ್ಟು ಫಾಸ್ಫರಸ್ಸಿನಿಂದ ಆ ಎಲೆಕ್ಟ್ರಾನನ್ನೇ ತೆಗೆದುಬಿಟ್ಟರು. ಏಣಿ ಇಲ್ಲದ ಅಟ್ಟದಲ್ಲಿ ಮಾಹಿತಿ ಕೋಣೆಯ ಶಾಖದಲ್ಲಿ 39 ನಿಮಿಷ ಉಳಿಯಿತು, ಚಳಿಯಲ್ಲಿ ಮೂರು ಗಂಟೆ. ಮಧ್ಯದಲ್ಲಿ ತುಂಡನ್ನು 4.2 ಕೆಲ್ವಿನ್‌ನಿಂದ ಕೋಣೆಯ ಶಾಖಕ್ಕೆ ತಂದು ಮತ್ತೆ ತಣ್ಣಗೆ ಮಾಡಿದರೂ ಹದ ಪೂರ್ತಿ ಕೆಡಲಿಲ್ಲ. ಒಂದು ಮಾತು ನೆನಪಿಡಿ, ಅದು ಕೋಟಿಗಟ್ಟಲೆ ನ್ಯೂಕ್ಲಿಯಸ್‌ಗಳ ಗುಂಪಿನಲ್ಲಿ ಅಳೆದದ್ದು, ಒಂಟಿ ಕ್ಯೂಬಿಟ್ಟಿನಲ್ಲಿ ಅಲ್ಲ. ಒಂಟಿ ಫಾಸ್ಫರಸ್ ನ್ಯೂಕ್ಲಿಯಸ್ಸಿನಲ್ಲಿ 2014ರಲ್ಲಿ ನ್ಯೂ ಸೌತ್ ವೇಲ್ಸ್‌ನವರಿಗೆ 30 ಸೆಕೆಂಡಿಗಿಂತ ಹೆಚ್ಚು ಸಿಕ್ಕಿತು. 2015ರಲ್ಲಿ ಆಸ್ಟ್ರೇಲಿಯಾದ ಇನ್ನೊಂದು ತಂಡ ಯುರೋಪಿಯಮ್ ಬೆರೆಸಿದ ಹರಳಿನಲ್ಲಿ, 2 ಕೆಲ್ವಿನ್ ಚಳಿಯಲ್ಲಿ, ಆರು ಗಂಟೆಯವರೆಗೆ ತಾಳ ಹಿಡಿಸಿತು.

ಪ್ರಶ್ನೆ: ‘ನ್ಯೂಕ್ಲಿಯರ್’ ಅಂದ ಕೂಡಲೇ ಕೈಗಾ ನೆನಪಾಗುತ್ತದೆ. ಈ ಕಂಪ್ಯೂಟರಿನಿಂದ ವಿಕಿರಣ ಬರುವುದಿಲ್ಲವಾ?
— ಗೃಹಿಣಿ, ಮಲ್ಪೆ

ಉತ್ತರ: ಇಲ್ಲ ಅಕ್ಕ, ಒಂಚೂರೂ ಇಲ್ಲ. ಕೈಗಾದಲ್ಲಿ ನ್ಯೂಕ್ಲಿಯಸ್ಸನ್ನು ಒಡೆಯುತ್ತಾರೆ. ಇಲ್ಲಿ ಅದು ಎಲ್ಲಿದೆಯೋ ಹೇಗಿದೆಯೋ ಹಾಗೇ ಇರುತ್ತದೆ, ಅದರ ಅಯಸ್ಕಾಂತದ ದಿಕ್ಕು ಮಾತ್ರ ಬದಲಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಎಂಆರ್‌ಐ ಮಾಡಿಸಿದ್ದರೆ ನೀವು ಇದನ್ನು ಆಗಲೇ ನೋಡಿದ್ದೀರಿ. ಮೈಯಲ್ಲಿರುವ ನೀರಿನ ಹೈಡ್ರೋಜನ್ ನ್ಯೂಕ್ಲಿಯಸ್‌ಗಳನ್ನು 1.5 ಟೆಸ್ಲಾ ಅಯಸ್ಕಾಂತದಲ್ಲಿ ಇಟ್ಟು, ಸುಮಾರು 64 ಮೆಗಾಹರ್ಟ್ಸ್ ರೇಡಿಯೊ ತರಂಗ ಬಿಟ್ಟು ಹೊರಳಿಸುತ್ತಾರೆ, ಅವು ವಾಪಸ್ ಕೊಡುವ ಸದ್ದನ್ನು ಹಿಡಿದು ಚಿತ್ರ ಮಾಡುತ್ತಾರೆ. ಅದರ ಮೂಲ ಹೆಸರಿನಲ್ಲಿ ‘ನ್ಯೂಕ್ಲಿಯರ್’ ಅನ್ನುವ ಪದ ಇತ್ತು, ನಿಮ್ಮ ಹಾಗೇ ಜನ ಹೆದರುತ್ತಾರೆ ಅಂತ ಆಸ್ಪತ್ರೆಗಳಲ್ಲಿ ಅದನ್ನು ಕೈಬಿಟ್ಟರು. ಫಾಸ್ಫರಸ್-31, ಕಾರ್ಬನ್-13 ಎರಡೂ ವಿಕಿರಣ ಸೂಸುವವಲ್ಲ. ನೀವು ಈಗ ಉಸಿರು ಬಿಟ್ಟ ಗಾಳಿಯಲ್ಲೂ ಕಾರ್ಬನ್-13 ಇದೆ.

ಪ್ರಶ್ನೆ: ಯಾರ ಮಾತೂ ಕೇಳದ ನ್ಯೂಕ್ಲಿಯಸ್ಸಿಗೆ ಮಾಹಿತಿ ತುಂಬುವುದು ಹೇಗೆ ಮಾರಾಯ್ರೇ? ಅದಕ್ಕೆ ಯಾವುದೂ ತಟ್ಟುವುದಿಲ್ಲ ಅಂದ ಮೇಲೆ ನಾವು ಬರೆದದ್ದೂ ತಟ್ಟಬಾರದಲ್ಲ?
— ಸಾಫ್ಟ್‌ವೇರ್ ಉದ್ಯೋಗಿ, ಕದ್ರಿ, ಮಂಗಳೂರು

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಪ್ರಶ್ನೆ ಇದು. ಇಡೀ ಕ್ಷೇತ್ರದ ಗಂಟು ಇರುವುದೇ ಇಲ್ಲಿ. ಒಳ್ಳೆಯ ನೆನಪು ಬೇಕಾದರೆ ಅದನ್ನು ಯಾರೂ ಮುಟ್ಟುವಂತಿರಬಾರದು. ಬರೆಯಬೇಕಾದರೆ ಮುಟ್ಟಲೇಬೇಕು. ಎರಡೂ ಒಟ್ಟಿಗೆ ಬೇಕು.

ಅದಕ್ಕೇ ನಡುವೆ ಒಬ್ಬರು ಬೇಕಾಗುತ್ತದೆ. ನ್ಯೂಕ್ಲಿಯಸ್ ಹೊರಗಿನವರ ಮಾತು ಕೇಳುವುದಿಲ್ಲ, ಆದರೆ ತನ್ನ ಪಕ್ಕದಲ್ಲೇ ಇರುವ ಎಲೆಕ್ಟ್ರಾನಿನ ಮಾತು ಕೇಳುತ್ತದೆ. ಸಿಲಿಕಾನ್‌ನಲ್ಲಿ ಕೂತ ಫಾಸ್ಫರಸ್ಸಿನ ಎಲೆಕ್ಟ್ರಾನಿಗೂ ಅದರ ನ್ಯೂಕ್ಲಿಯಸ್ಸಿಗೂ ಇರುವ ಈ ನಂಟಿನ ಬಲ ಸುಮಾರು 117 ಮೆಗಾಹರ್ಟ್ಸ್. ಇದಕ್ಕೆ ಹೈಪರ್‌ಫೈನ್ ನಂಟು ಅನ್ನುತ್ತಾರೆ. ನ್ಯೂಕ್ಲಿಯಸ್ ಮೇಲೆ ಮುಖ ಮಾಡಿದ್ದರೆ ಎಲೆಕ್ಟ್ರಾನ್ ಒಂದು ಶ್ರುತಿಯಲ್ಲಿ ಸುತ್ತುತ್ತದೆ, ಕೆಳಗೆ ಮುಖ ಮಾಡಿದ್ದರೆ ಬೇರೆ ಶ್ರುತಿಯಲ್ಲಿ. ನ್ಯೂಕ್ಲಿಯಸ್ಸಿನ ಶ್ರುತಿಯೂ ಹಾಗೇ, ಎಲೆಕ್ಟ್ರಾನ್ ಹೇಗಿದೆ ಅನ್ನುವುದರ ಮೇಲೆ ಬದಲಾಗುತ್ತದೆ. ಹೊರಗಿನಿಂದ ಸರಿಯಾದ ಶ್ರುತಿಯ ತರಂಗ ಬಿಟ್ಟರೆ ‘ಎಲೆಕ್ಟ್ರಾನ್ 1 ಆಗಿದ್ದರೆ ಮಾತ್ರ ನ್ಯೂಕ್ಲಿಯಸ್ ಮಗುಚಲಿ’ ಅಂತ ಷರತ್ತು ಹಾಕಿ ಕೆಲಸ ಮಾಡಿಸಬಹುದು. ನೀವು ಕೋಡ್ ಬರೆಯುವವರು, ಇದು ನಿಮ್ಮ ‘ಇಫ್’ ಸಾಲೇ.

ಈಗ ನಿಜವಾದ ಸಾಗಾಟ, ಎರಡೇ ಹೆಜ್ಜೆ. ಮೊದಲು ನ್ಯೂಕ್ಲಿಯಸ್ 0 ಅಂತ ಖಾತ್ರಿ ಮಾಡಿಕೊಂಡಿರಬೇಕು, ಎಲೆಕ್ಟ್ರಾನಿನಲ್ಲಿ ನಮ್ಮ ಮಾಹಿತಿ ಇದೆ, ಅಂದರೆ ಸ್ವಲ್ಪ ಪಾಲು 0, ಸ್ವಲ್ಪ ಪಾಲು 1. ಒಂದನೇ ಹೆಜ್ಜೆ ರೇಡಿಯೊ ತರಂಗದ್ದು: ಎಲೆಕ್ಟ್ರಾನ್ 1 ಇದ್ದ ಪಾಲಿನಲ್ಲಿ ಮಾತ್ರ ನ್ಯೂಕ್ಲಿಯಸ್ ಮಗುಚಿ 1 ಆಗುತ್ತದೆ. ಈಗ ಒಂದು ಪಾಲಿನಲ್ಲಿ ಎರಡೂ 0, ಇನ್ನೊಂದು ಪಾಲಿನಲ್ಲಿ ಎರಡೂ 1. ಈ ಗಳಿಗೆಯಲ್ಲಿ ಮಾಹಿತಿ ಎಲೆಕ್ಟ್ರಾನಿನಲ್ಲೂ ಇಲ್ಲ, ನ್ಯೂಕ್ಲಿಯಸ್ಸಿನಲ್ಲೂ ಇಲ್ಲ, ಇಬ್ಬರ ಜೋಡಿಯಲ್ಲಿದೆ. ಎಂಟ್ಯಾಂಗಲ್‌ಮೆಂಟ್ ಅನ್ನುವ ದೊಡ್ಡ ಪದ ಕೇಳಿರುತ್ತೀರಿ, ಅದು ಇದೇ. ಎರಡನೇ ಹೆಜ್ಜೆ ಮೈಕ್ರೋವೇವ್ ತರಂಗದ್ದು: ನ್ಯೂಕ್ಲಿಯಸ್ 1 ಇದ್ದ ಪಾಲಿನಲ್ಲಿ ಮಾತ್ರ ಎಲೆಕ್ಟ್ರಾನ್ ಮಗುಚಿ 0ಗೆ ಬರುತ್ತದೆ. ಈಗ ಎರಡೂ ಪಾಲಿನಲ್ಲಿ ಎಲೆಕ್ಟ್ರಾನ್ 0. ಅದು ಖಾಲಿ. ನ್ಯೂಕ್ಲಿಯಸ್ಸಿನಲ್ಲಿ ಹಿಂದೆ ಎಲೆಕ್ಟ್ರಾನಿನಲ್ಲಿದ್ದ ಅದೇ ಹದ. ಒಂದು ಕಾಗದ ತೆಗೆದುಕೊಂಡು ನಾಲ್ಕು ಸಾಲು ಬರೆದು ನೋಡಿ, ನಿಮಗೇ ಸಿಗುತ್ತದೆ. ವಾಪಸ್ ತರಲು ಇದೇ ಹೆಜ್ಜೆಗಳನ್ನು ಹಿಂದಿನಿಂದ ಮುಂದಕ್ಕೆ ಹಾಕಬೇಕು.

ನೋಡಿ, ಎಲ್ಲೂ ಯಾರೂ ಮಾಹಿತಿಯನ್ನು ಓದಲಿಲ್ಲ. ಅದು ಏನು ಅಂತ ಗೊತ್ತಿಲ್ಲದೆಯೇ ಜಾಗ ಬದಲಾಯಿತು.

ವಜ್ರದಲ್ಲಿ ಮಾಡುವವರಿಗೆ ಏಣಿ ಬೇರೆ. ಅಲ್ಲಿ ಒಂದು ಕಾರ್ಬನ್ ಜಾಗದಲ್ಲಿ ನೈಟ್ರೋಜನ್ ಬಂದು, ಅದರ ಪಕ್ಕದ ಜಾಗ ಖಾಲಿ ಬಿದ್ದಿರುತ್ತದೆ. ಆ ದೋಷಕ್ಕೆ ಎನ್‌ವಿ ಸೆಂಟರ್ ಅಂತ ಹೆಸರು. ಹಸಿರು ಲೇಸರ್ ಬಿಟ್ಟರೆ ಅದು ಕೆಂಪಗೆ ಹೊಳೆಯುತ್ತದೆ, ಆ ಹೊಳಪು ಜಾಸ್ತಿಯಾ ಕಡಿಮೆಯಾ ನೋಡಿ ಅಲ್ಲಿನ ಎಲೆಕ್ಟ್ರಾನಿನ ಸ್ಪಿನ್ ಹೇಳಬಹುದು. 2.87 ಗಿಗಾಹರ್ಟ್ಸ್ ಸುತ್ತಮುತ್ತ ಅದರ ಶ್ರುತಿ. ಹತ್ತಿರದ ಕಾರ್ಬನ್-13 ನ್ಯೂಕ್ಲಿಯಸ್‌ಗಳನ್ನು ಈ ಎಲೆಕ್ಟ್ರಾನಿನ ಮೂಲಕವೇ ಮಾತಾಡಿಸುತ್ತಾರೆ.

ಪ್ರಶ್ನೆ: ಸುತ್ತಲಿನ ಪರಮಾಣುಗಳಿಗೂ ಸ್ಪಿನ್ ಇರುತ್ತದಲ್ಲ, ಅವು ಕಿರಿಕಿರಿ ಮಾಡುವುದಿಲ್ಲವೇ?
— ನಿವೃತ್ತ ಶಿಕ್ಷಕರು, ಬ್ರಹ್ಮಾವರ

ಉತ್ತರ: ಮಾಡುತ್ತವೆ ಸರ್, ಬಹಳ ಮಾಡುತ್ತವೆ. ಅದಕ್ಕೆ ಮೂರು ಬಗೆಯಲ್ಲಿ ಉತ್ತರ ಕಂಡುಕೊಂಡಿದ್ದಾರೆ.

ಒಂದು, ಗದ್ದಲದವರನ್ನೇ ಹೊರಗೆ ಹಾಕುವುದು. ಪ್ರಕೃತಿಯಲ್ಲಿ ಸಿಗುವ ಸಿಲಿಕಾನ್‌ನಲ್ಲಿ 4.7 ಶೇಕಡಾ ಸಿಲಿಕಾನ್-29, ಅದಕ್ಕೆ ಸ್ಪಿನ್ ಇದೆ. ಹೆಚ್ಚಿನ ಪಾಲು ಸಿಲಿಕಾನ್-28, ಅದಕ್ಕೆ ಸ್ಪಿನ್ ಇಲ್ಲ, ಸುಮ್ನೆ ಕೂತಿರುತ್ತದೆ. ಹಾಗಾಗಿ 28ನ್ನು ಮಾತ್ರ ಹೆಕ್ಕಿ ಹರಳು ಬೆಳೆಸುತ್ತಾರೆ. ಮೇಲೆ ಹೇಳಿದ 39 ನಿಮಿಷದ ಪ್ರಯೋಗ ಅಂಥ ಹರಳಿನಲ್ಲಿ ಆದದ್ದು. ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗೆ, ಆದರೆ ಇಲ್ಲಿ ಕಲ್ಲಿಗೂ ಅಕ್ಕಿಗೂ ತೂಕದಲ್ಲಿ ಒಂದು ನ್ಯೂಟ್ರಾನಿನಷ್ಟೇ ವ್ಯತ್ಯಾಸ.

ಎರಡನೆಯದು ಎಕೋ. 1950ರಲ್ಲಿ ಎರ್ವಿನ್ ಹಾನ್ ಕಂಡುಹಿಡಿದದ್ದು. ಮಲ್ಪೆ ದಕ್ಕೆಯಿಂದ ಬೆಳಗಿನ ಜಾವ ನಾಲ್ಕಕ್ಕೆ ಇಪ್ಪತ್ತು ಬೋಟು ಒಟ್ಟಿಗೆ ಹೊರಟವು ಅನ್ನಿ. ಒಂದೊಂದರ ವೇಗ ಒಂದೊಂದು, ಆರು ಗಂಟೆಗೆ ನೋಡಿದರೆ ಕಡಲ ತುಂಬಾ ಚೆಲ್ಲಾಪಿಲ್ಲಿ. ಆಗ ವೈರ್‌ಲೆಸ್‌ನಲ್ಲಿ ಎಲ್ಲರಿಗೂ ಒಂದೇ ಮಾತು: ಇದ್ದ ಜಾಗದಿಂದಲೇ ತಿರುಗಿಸಿ, ಅದೇ ವೇಗದಲ್ಲಿ ಬನ್ನಿ. ದೂರ ಹೋದದ್ದು ವೇಗದ ಬೋಟು, ಹತ್ತಿರವೇ ಉಳಿದದ್ದು ನಿಧಾನದ್ದು. ಎಂಟು ಗಂಟೆಗೆ ಇಪ್ಪತ್ತೂ ಒಟ್ಟಿಗೆ ದಕ್ಕೆಗೆ. ಸ್ಪಿನ್‌ಗಳಿಗೂ ಹೀಗೇ ನಡುದಾರಿಯಲ್ಲಿ ಒಂದು ಪಲ್ಸ್ ಕೊಟ್ಟು ತಿರುಗಿಸಿದರೆ ತಪ್ಪಿದ ತಾಳ ಮತ್ತೆ ಕೂಡುತ್ತದೆ. ಇದು ಕೆಲಸ ಮಾಡುವುದು ಬೋಟಿನ ವೇಗ ದಾರಿಯಲ್ಲಿ ಬದಲಾಗದಿದ್ದರೆ ಮಾತ್ರ. ಗಾಳಿ ಆಗಾಗ ತಿರುಗುತ್ತಿದ್ದರೆ ಗಂಟೆಗೊಮ್ಮೆ ಸಾಲದು, ನಿಮಿಷಕ್ಕೊಮ್ಮೆ ತಿರುಗಿಸುತ್ತಿರಬೇಕು. ಪ್ರಯೋಗಗಳಲ್ಲಿ ಸಾವಿರಾರು ಪಲ್ಸ್ ಒಂದರ ಹಿಂದೆ ಒಂದು ಕೊಡುವುದು ಅದಕ್ಕೇ.

ಮೂರನೆಯದು, ಗದ್ದಲ ಮಾಡುವವರಿಗೇ ಕೆಲಸ ಕೊಡುವುದು. ವಜ್ರದಲ್ಲಿ 1.1 ಶೇಕಡಾ ಕಾರ್ಬನ್-13 ಇರುತ್ತದೆ. ಎನ್‌ವಿ ಸೆಂಟರಿನಿಂದ ಒಂದೊಂದರ ದೂರ, ದಿಕ್ಕು ಬೇರೆ, ಹಾಗಾಗಿ ಒಂದೊಂದನ್ನು ಕರೆಯುವ ಶ್ರುತಿಯೂ ಬೇರೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನವರು 2019ರಲ್ಲಿ ಒಂದು ಎಲೆಕ್ಟ್ರಾನ್, ಒಂದು ನೈಟ್ರೋಜನ್, ಎಂಟು ಕಾರ್ಬನ್ ಸೇರಿ ಹತ್ತು ಕ್ಯೂಬಿಟ್‌ಗಳನ್ನು ಹೀಗೆ ಹೆಸರು ಹಿಡಿದು ಕರೆದು ಕೆಲಸ ಮಾಡಿಸಿದರು. ಅದರಲ್ಲಿ ಒಂದು ನ್ಯೂಕ್ಲಿಯಸ್ ನಿಮಿಷಕ್ಕೂ ಹೆಚ್ಚು ಹೊತ್ತು ಮಾಹಿತಿ ಹಿಡಿದಿಟ್ಟಿತು. ಗ್ಯಾಲಿಯಮ್ ಆರ್ಸೆನೈಡ್ ಅನ್ನುವ ಅರೆವಾಹಕದ ಕಥೆ ಇನ್ನೂ ಕಷ್ಟದ್ದು. ಅಲ್ಲಿ ಪ್ರತಿ ಪರಮಾಣುವಿನ ನ್ಯೂಕ್ಲಿಯಸ್ಸಿಗೂ ಸ್ಪಿನ್ ಇದೆ, ಹೆಕ್ಕಿ ಹೊರಗೆ ಹಾಕಲು ಯಾರೂ ಉಳಿಯುವುದಿಲ್ಲ. 2025ರಲ್ಲಿ ಕೇಂಬ್ರಿಜ್‌ನವರು ಆ ಹರಳಿನಲ್ಲಿ ಅತಿ ಪುಟ್ಟ ಚುಕ್ಕೆಯಂತಿರುವ ಒಂದು ಕ್ವಾಂಟಮ್ ಡಾಟ್‌ನೊಳಗಿನ ಸುಮಾರು 13,000 ನ್ಯೂಕ್ಲಿಯಸ್‌ಗಳನ್ನು ಒಟ್ಟಿಗೆ ಪಳಗಿಸಿ, ಒಂದೇ ಒಂದು ಕ್ಯೂಬಿಟ್ಟಿನ ಮಾಹಿತಿಯನ್ನು ಅಷ್ಟೂ ಮಂದಿಯ ನಡುವೆ ಹಂಚಿ ಇಟ್ಟರು. ಸಿಕ್ಕಿದ್ದು ನೂರು ಮೈಕ್ರೊಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಸಣ್ಣ ಅಂಕಿ ಅನಿಸಬಹುದು. ಆದರೆ ಇಷ್ಟು ವರ್ಷ ಶತ್ರು ಅಂತಿದ್ದವರು ಕೈ ಜೋಡಿಸಿದ್ದು ಅದು, ಹಾಗಾಗಿ ನಾನದನ್ನು ದೊಡ್ಡದಾಗಿಯೇ ನೋಡುತ್ತೇನೆ.

ಪ್ರಶ್ನೆ: ಇದರಿಂದ ನಮಗೆ ಏನು ಪ್ರಯೋಜನ? ಒಂದು ನಿಮಿಷ ನೆನಪಿಟ್ಟುಕೊಂಡರೆ ಆಗುವುದೇನು?
— ಬ್ಯಾಂಕ್ ಉದ್ಯೋಗಿ, ಹಂಪನಕಟ್ಟೆ, ಮಂಗಳೂರು

ಉತ್ತರ: ನೀವು ಬ್ಯಾಂಕಿನವರು, ಹಾಗಾಗಿ ಲೆಕ್ಕದಲ್ಲೇ ಹೇಳುತ್ತೇನೆ.

ಮಂಗಳೂರಿನಿಂದ ಬೆಂಗಳೂರಿಗೆ ಫೈಬರ್‌ನಲ್ಲಿ ಒಂದೊಂದೇ ಬೆಳಕಿನ ಕಣ ಕಳಿಸಬೇಕು ಅನ್ನಿ. ಸಂದೇಶವನ್ನು ಗುಟ್ಟಾಗಿಡುವ ಕೀಲಿ ಹಂಚಿಕೊಳ್ಳಲು ಇದು ಬೇಕಾಗುತ್ತದೆ. ದಾರಿ ಸುಮಾರು 350 ಕಿಲೋಮೀಟರ್. ಒಳ್ಳೆಯ ಫೈಬರ್ ಕೂಡ ಕಿಲೋಮೀಟರಿಗೆ 0.2 ಡೆಸಿಬೆಲ್ ನುಂಗುತ್ತದೆ. ಒಟ್ಟು 70 ಡೆಸಿಬೆಲ್. ಪ್ರತಿ 10 ಡೆಸಿಬೆಲ್ಲಿಗೆ ಹತ್ತರಲ್ಲಿ ಒಂದು ಮಾತ್ರ ಉಳಿಯುತ್ತದೆ. ಅಂದರೆ ಒಂದು ಕೋಟಿ ಕಣ ಕಳಿಸಿದರೆ ಬೆಂಗಳೂರಿಗೆ ಮುಟ್ಟುವುದು ಒಂದು. ಮಾಮೂಲಿ ಇಂಟರ್‌ನೆಟ್ಟಿನಲ್ಲಿ ನಡುವೆ ಅಲ್ಲಲ್ಲಿ ಸಿಗ್ನಲ್ ದೊಡ್ಡದು ಮಾಡುತ್ತಾರೆ. ದೊಡ್ಡದು ಮಾಡುವುದೆಂದರೆ ಕಾಪಿ ಮಾಡುವುದು, ಕ್ವಾಂಟಮ್ ಮಾಹಿತಿಯಲ್ಲಿ ಅದು ಆಗದು ಅಂತ ಮೇಲೆಯೇ ನೋಡಿದೆವು.

ಈಗ ನಡುವೆ ಹಾಸನದಲ್ಲಿ ಒಂದು ನಿಲ್ದಾಣ ಇಡಿ. ಎರಡು ಅರ್ಧ, ತಲಾ 35 ಡೆಸಿಬೆಲ್, ಅಂದರೆ ಒಂದೊಂದು ಅರ್ಧ ದಾಟುವುದು ಸುಮಾರು 3,000ದಲ್ಲಿ ಒಂದು. ಎರಡೂ ಒಂದೇ ಗಳಿಗೆಯಲ್ಲಿ ದಾಟಬೇಕು ಅಂತ ಕೂತರೆ ಮತ್ತೆ ಒಂದು ಕೋಟಿಗೆ ಒಂದೇ, ಹಾಸನದಿಂದ ಏನೂ ಲಾಭ ಆಗಲಿಲ್ಲ. ಆದರೆ ಮೊದಲು ದಾಟಿದ್ದು ಇನ್ನೊಂದು ಬರುವವರೆಗೆ ಕಾದು ಕೂರುವಂತಿದ್ದರೆ? ಶಿರಾಡಿ ಘಾಟಿ ಹತ್ತಿ ಬಂದ ಬಸ್ಸು ಆ ಕಡೆಯ ಬಸ್ಸಿಗೆ ಕಾಯುವ ಹಾಗೆ. ಆಗ ಕೆಲಸ ಕೋಟಿಯಿಂದ ಸಾವಿರಕ್ಕೆ ಇಳಿಯುತ್ತದೆ. ಕಾಯಲು ನೆನಪು ಬೇಕು. ಎಷ್ಟು ಹೊತ್ತಿನದ್ದು? ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ, ಹಾಸನಕ್ಕೆ ಹೋಗಿ ‘ಮುಟ್ಟಿತು’ ಅಂತ ಉತ್ತರ ಬರಲು ಸುಮಾರು 1.8 ಮಿಲಿಸೆಕೆಂಡು. 3,000 ಸಲ ಪ್ರಯತ್ನಿಸಿದರೆ ಐದೂವರೆ ಸೆಕೆಂಡಿನ ಹತ್ತಿರ. ಬೇರೆ ನಷ್ಟಗಳನ್ನೆಲ್ಲ ಬಿಟ್ಟು ಹಾಕಿದ ಲೆಕ್ಕ ಇದು. ಆದರೂ ಒಂದು ಮಿಲಿಸೆಕೆಂಡಿಗೆ ಮರೆಯುವ ಕ್ಯೂಬಿಟ್ ಇಲ್ಲಿ ಯಾಕೆ ಸಾಲದು, ಒಂದು ನಿಮಿಷ ಹಿಡಿದಿಡುವ ನ್ಯೂಕ್ಲಿಯಸ್‌ಗೆ ಯಾಕೆ ಅಷ್ಟು ಬೆಲೆ ಅಂತ ಗೊತ್ತಾಗುತ್ತದೆ.

ಇದು ಕಾಗದದಲ್ಲೇ ಉಳಿದಿಲ್ಲ. 2021ರಲ್ಲಿ ಡೆಲ್ಫ್ಟ್‌ನವರು ವಜ್ರ ಬಳಸಿ ಮೂರು ನಿಲ್ದಾಣದ ಜಾಲ ಮಾಡಿದಾಗ, ನಡುವಿನ ನಿಲ್ದಾಣದಲ್ಲಿ ಕಾದು ಕೂತದ್ದು ಒಂದು ಕಾರ್ಬನ್-13 ನ್ಯೂಕ್ಲಿಯಸ್. 2024ರಲ್ಲಿ ಹಾರ್ವರ್ಡ್‌ನವರು ಬಾಸ್ಟನ್ ಊರೊಳಗೆ ಹಾಕಿದ್ದ 35 ಕಿಲೋಮೀಟರ್ ಫೈಬರ್ ಮೂಲಕ ಎರಡು ವಜ್ರದ ನೆನಪುಗಳನ್ನು ಬೆಸೆದರು, ಅಲ್ಲಿ ಕಾದದ್ದು ವಜ್ರದೊಳಗೆ ಸೇರಿಸಿದ್ದ ಸಿಲಿಕಾನ್-29. ಒಂದು ಕಡೆ ಗದ್ದಲ ಅಂತ ಹೆಕ್ಕಿ ಬಿಸಾಡಿದ ಅದೇ ಸಿಲಿಕಾನ್-29!

ಪ್ರಶ್ನೆ: ಮುಂದೆ ಮೊಬೈಲ್ ಮೆಮೊರಿ ಕಾರ್ಡ್ ಬದಲು ಇದೇ ಬರುತ್ತದಾ?
— ಓದುಗ, ಕಾಪು

ಉತ್ತರ: ಇಲ್ಲ. ಫೋಟೊ, ಹಾಡು ಇಡಲು ಈಗಿನ ಕಾರ್ಡೇ ಸಾಕು, ಅದು ವರ್ಷಗಟ್ಟಲೆ ಉಳಿಯುತ್ತದೆ. ಇದು ಬೇಕಾಗುವುದು ಕ್ವಾಂಟಮ್ ಸ್ಥಿತಿ ಇಡಲು ಮಾತ್ರ.

ಪ್ರಶ್ನೆ: ನಾನು ಬಿಎಸ್ಸಿ ಎರಡನೇ ವರ್ಷ, ಕೆಮಿಸ್ಟ್ರಿ ಮತ್ತು ಫಿಸಿಕ್ಸ್. ಈ ಕ್ಷೇತ್ರಕ್ಕೆ ಹೋಗುವ ಆಸೆ. ಕುಂದಾಪುರದಲ್ಲಿ ಕೂತು ಎಲ್ಲಿಂದ ಶುರು ಮಾಡಲಿ?
— ವಿದ್ಯಾರ್ಥಿನಿ, ಕುಂದಾಪುರ

ಉತ್ತರ: ತಂಗಿ, ನಿನ್ನ ಕೆಮಿಸ್ಟ್ರಿ ಪುಸ್ತಕದಿಂದಲೇ ಶುರು ಮಾಡು. ಎನ್‌ಎಮ್‌ಆರ್ (ಮಲ್ಪೆಯವರಿಗೆ ಹೇಳಿದ ಎಂಆರ್‌ಐ ಹುಟ್ಟಿದ್ದು ಇದರಿಂದಲೇ) ಪಾಠದಲ್ಲಿ ಎಥನಾಲ್‌ನ ಚಿತ್ರ ಇರುತ್ತದೆ. ಒಂದು ಗೆರೆ ಇರಬೇಕಾದ ಕಡೆ ಮೂರು, ನಾಲ್ಕು ಗೆರೆಗಳಾಗಿ ಒಡೆದಿರುತ್ತದಲ್ಲ, ಪರೀಕ್ಷೆಗೆ ಬಾಯಿಪಾಠ ಮಾಡುತ್ತೀರಲ್ಲ, ಅದು ಒಂದು ನ್ಯೂಕ್ಲಿಯಸ್ ಪಕ್ಕದ ನ್ಯೂಕ್ಲಿಯಸ್ಸಿನ ದಿಕ್ಕಿಗೆ ತಕ್ಕಂತೆ ಶ್ರುತಿ ಬದಲಿಸುವುದು. ಕದ್ರಿಯವರಿಗೆ ಮೇಲೆ ಹೇಳಿದ ‘ಇಫ್’ ಹುಟ್ಟುವುದು ಹೀಗೇ. 2001ರಲ್ಲಿ ಐಬಿಎಮ್ ಮತ್ತು ಸ್ಟ್ಯಾನ್‌ಫರ್ಡ್‌ನವರು ಒಂದು ಅಣುವಿನ ಏಳು ನ್ಯೂಕ್ಲಿಯಸ್ಸುಗಳಲ್ಲಿ ಇದೇ ಗುಣ ಬಳಸಿ 15ನ್ನು 3 ಗುಣಿಸು 5 ಅಂತ ಒಡೆದು ತೋರಿಸಿದರು, ಅದೂ ಎನ್‌ಎಮ್‌ಆರ್ ಯಂತ್ರದಲ್ಲೇ.

ನಮ್ಮ ರಾಜ್ಯದಲ್ಲೂ ಇದರ ಬೇರು ಹಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನಿಲ್ ಕುಮಾರ್ ಎನ್‌ಎಮ್‌ಆರ್‌ನಲ್ಲಿ ಜಗತ್ತೇ ಗುರುತಿಸುವ ಕೆಲಸ ಮಾಡಿದವರು, ಅವರೂ ಅವರ ವಿದ್ಯಾರ್ಥಿಗಳೂ ನ್ಯೂಕ್ಲಿಯರ್ ಸ್ಪಿನ್‌ಗಳಲ್ಲಿ ಕ್ವಾಂಟಮ್ ಲೆಕ್ಕ ಮಾಡಿ ತೋರಿಸಿದ್ದಾರೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕಂಪ್ಯೂಟಿಂಗ್ ಕೇಂದ್ರ ಇರುವುದು ಅದೇ ಸಂಸ್ಥೆಯಲ್ಲಿ. ಸಂವಹನದ್ದು ಐಐಟಿ ಮದ್ರಾಸ್, ಸೆನ್ಸಿಂಗ್ ಐಐಟಿ ಬಾಂಬೆ, ಸಾಮಗ್ರಿಗಳದ್ದು ಐಐಟಿ ದೆಹಲಿ. ಎಮ್ಮೆಸ್ಸಿಗೆ ಅರ್ಜಿ ಹಾಕುವಾಗ ಈ ನಾಲ್ಕೂ ಹೆಸರು ತಲೆಯಲ್ಲಿರಲಿ.

ಈ ರಜೆಯಲ್ಲಿ ಮಾಡಬೇಕಾದ್ದು ಮ್ಯಾಟ್ರಿಕ್ಸ್. ಎರಡು ಗುಣಿಸು ಎರಡರ ಮ್ಯಾಟ್ರಿಕ್ಸ್ ಒಂದು ಸ್ಪಿನ್, ನಾಲ್ಕು ಗುಣಿಸು ನಾಲ್ಕು ಅಂದರೆ ಎಲೆಕ್ಟ್ರಾನ್ ಮತ್ತು ನ್ಯೂಕ್ಲಿಯಸ್ ಜೋಡಿ. ಕದ್ರಿಯವರ ಉತ್ತರದಲ್ಲಿರುವ ಎರಡು ಹೆಜ್ಜೆಗಳನ್ನು ಎರಡು ಮ್ಯಾಟ್ರಿಕ್ಸ್ ಮಾಡಿ ಗುಣಿಸು. ನ್ಯೂಕ್ಲಿಯಸ್ ಮೊದಲು 0 ಬದಲು 1 ಆಗಿದ್ದರೆ ಮಾಹಿತಿ ಎಲ್ಲಿಗೆ ಹೋಗುತ್ತದೆ ಅಂತಲೂ ನೋಡು. ಬಿಡಿಸಿ ಕಳಿಸಿದರೆ ಮುಂದಿನ ತಿಂಗಳು ಇಲ್ಲೇ ಹಾಕುತ್ತೇನೆ.